ಬೆಕ್ಕಿಗೆ ಸಕ್ಕರೆ ಕಾಯಿಲೆ: ಮಾಮೂಲಿ ವೈದ್ಯರೇ ಸಾಕೋ, ತಜ್ಞರೇ ಬೇಕೋ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಬೆಕ್ಕು ಸೋಮನಿಗೆ ಸಕ್ಕರೆ ಕಾಯಿಲೆ ಶುರುವಾದಾಗ ಅವನಿಗೆ ಹತ್ತು ವರ್ಷ. ಬೆಳಿಗ್ಗೆ ತುಂಬಿಸಿಟ್ಟ ನೀರಿನ ಬಟ್ಟಲು ಮಧ್ಯಾಹ್ನಕ್ಕೆ ಬರಿದಾಗುತ್ತಿತ್ತು. ಮರಳಿನ ತಟ್ಟೆಯಲ್ಲಿ ಮೂತ್ರದ ಉಂಡೆಗಳು ಮುಷ್ಟಿ ಗಾತ್ರದವು. ಊಟದ ತಟ್ಟೆ ನೆಕ್ಕಿ ಮುಗಿಸಿ ಮತ್ತೆ ಕೂಗುತ್ತಿದ್ದ, ಆದರೂ ಬೆನ್ನ ಮೇಲೆ ಕೈಯಾಡಿಸಿದರೆ ಮೂಳೆ ಎಣಿಸಬಹುದಿತ್ತು. ಆಮೇಲಿನ ವರ್ಷಗಳಲ್ಲಿ ಮಾಮೂಲಿ ವೈದ್ಯರನ್ನೂ ನೋಡಿದೆವು, ತಜ್ಞರನ್ನೂ ನೋಡಿದೆವು. ಇದೇ ಕಾಯಿಲೆಯ ಬೆಕ್ಕು ಮನೆಯಲ್ಲಿರುವವರು ನನ್ನನ್ನು ಹೆಚ್ಚಾಗಿ ಕೇಳುವುದು ಈ ಎರಡರ ನಡುವೆ ಯಾವುದು ಅಂತ. ನಾನು ವೈದ್ಯೆ ಅಲ್ಲ. ಇಲ್ಲಿರುವ ಅಂಕಿಗಳನ್ನು ನಿಮ್ಮ ವೈದ್ಯರ ಜೊತೆ ಮಾತಾಡುವುದಕ್ಕೆ ಇಟ್ಟುಕೊಳ್ಳಿ. ನೀವೇ ಡೋಸ್ ಬದಲಾಯಿಸುವುದಕ್ಕೆ ಅಲ್ಲ. ರಕ್ತದ ಸಕ್ಕರೆಯ ಲೆಕ್ಕವೆಲ್ಲ ಡೆಸಿಲೀಟರ್‌ಗೆ ಮಿಲಿಗ್ರಾಂನಲ್ಲಿದೆ. ನಿಮ್ಮ ಮೀಟರ್ ಮಿಲಿಮೋಲ್ ತೋರಿಸುವುದಾದರೆ ಇವನ್ನು 18ರಿಂದ ಭಾಗಿಸಿಕೊಳ್ಳಿ.

ಕಾಯಿಲೆ ಈಗಷ್ಟೇ ಗೊತ್ತಾಗಿದೆ. ನೇರವಾಗಿ ತಜ್ಞರ ಹತ್ತಿರವೇ ಹೋಗಬೇಕಾ?

ಬೆಕ್ಕು ತಿನ್ನುತ್ತಿದೆ, ಓಡಾಡುತ್ತಿದೆ, ವಾಂತಿ ಇಲ್ಲ ಅಂದರೆ ಬೇಕಿಲ್ಲ. ಬೆಕ್ಕುಗಳಿಗೆ ಬರುವ ಸಕ್ಕರೆ ಕಾಯಿಲೆ ಬಹುಮಟ್ಟಿಗೆ ಮನುಷ್ಯರ ಟೈಪ್ 2 ಥರದ್ದು. ಮೈ ಇನ್ಸುಲಿನ್‌ಗೆ ಬಗ್ಗುವುದಿಲ್ಲ, ಮೇದೋಜ್ಜೀರಕ ಗ್ರಂಥಿ ದುಡಿದು ದಣಿಯುತ್ತದೆ. ದಪ್ಪಗಿರುವ, ವಯಸ್ಸಾದ, ಸಂತಾನಹರಣ ಆದ ಗಂಡು ಬೆಕ್ಕುಗಳಲ್ಲಿ ಹೆಚ್ಚು. ಇದಕ್ಕೆ ಮೊದಲ ಚಿಕಿತ್ಸೆ ಗುಟ್ಟಿನದೇನೂ ಅಲ್ಲ: 12 ಗಂಟೆಗೊಮ್ಮೆ ಚರ್ಮದಡಿಗೆ ಇನ್ಸುಲಿನ್, ಕಾರ್ಬೋಹೈಡ್ರೇಟ್ ತೀರಾ ಕಡಿಮೆ ಇರುವ ತೇವದ ಆಹಾರ (ಒಣ ಕಾಳಲ್ಲ, ಡಬ್ಬಿಯಲ್ಲಿ ಬರುವಂಥದ್ದು), ತೂಕದ ಲೆಕ್ಕ, ಆಗಾಗ ರಕ್ತ ಪರೀಕ್ಷೆ. ಮೊದಲ ಡೋಸ್ ಸಾಮಾನ್ಯವಾಗಿ ಹೊತ್ತಿಗೆ ಒಂದು ಯುನಿಟ್ ಆಸುಪಾಸು. ಇಷ್ಟನ್ನು ಬೆಕ್ಕುಗಳ ಅನುಭವ ಇರುವ ಯಾವ ಪಶುವೈದ್ಯರಾದರೂ ಶುರು ಮಾಡಬಲ್ಲರು.

ಇನ್ನೊಂದು ಕಾರಣವೂ ಇದೆ. ತಜ್ಞರ ಅಪಾಯಿಂಟ್‌ಮೆಂಟ್‌ಗೆ ವಾರಗಟ್ಟಲೆ ಕಾಯಬೇಕಾಗಬಹುದು. ಬೆಕ್ಕುಗಳಲ್ಲಿ ಬೇಗ ಸಕ್ಕರೆ ಹತೋಟಿಗೆ ತಂದಷ್ಟೂ ಇನ್ಸುಲಿನ್ ಪೂರ್ತಿ ಬಿಟ್ಟುಬಿಡುವ ಹಂತಕ್ಕೆ ಹೋಗುವ ಅವಕಾಶ ಜಾಸ್ತಿ. ದೊಡ್ಡ ವೈದ್ಯರು ಸಿಗಲಿ ಅಂತ ಇನ್ಸುಲಿನ್ ಇಲ್ಲದೆ ಮೂರು ವಾರ ಕಾಯುವುದು ನಷ್ಟದ ಬಾಬ್ತು. ಮೊದಲ ತಿಂಗಳು ನಿಮಗೆ ಬೇಕಿರುವುದು ಹತ್ತಿರ ಇರುವ, ಫೋನ್ ಎತ್ತುವ ವೈದ್ಯರು.

ನಮ್ಮ ವೈದ್ಯರು ಸರಿಯಾಗಿ ನೋಡುತ್ತಿದ್ದಾರೆ ಅಂತ ತಿಳಿಯುವುದು ಹೇಗೆ?

ಅವರು ಹೇಳುವುದಕ್ಕಿಂತ ಕೇಳುವುದನ್ನು ಗಮನಿಸಿ. ಈಚೆಗೆ ಯಾವುದಕ್ಕಾದರೂ ಸ್ಟಿರಾಯ್ಡ್ ಕೊಟ್ಟಿದ್ದಿರಾ ಅಂತ ಕೇಳಬೇಕು. ಚರ್ಮದ ಕೆರೆತಕ್ಕೋ ಬಾಯಿಯ ಹುಣ್ಣಿಗೋ ಕೊಟ್ಟ, ವಾರಗಟ್ಟಲೆ ಮೈಯಲ್ಲಿ ಉಳಿಯುವ ಇಂಜೆಕ್ಷನ್ ಒಂದೇ ಸಾಕು, ಒಳಗೆ ಹೊಗೆಯಾಡುತ್ತಿದ್ದ ಸಕ್ಕರೆ ಕಾಯಿಲೆ ಮೇಲೇಳುವುದಕ್ಕೆ. ಏನು ತಿನ್ನಿಸುತ್ತೀರಿ, ಒಣ ಕಾಳು ಎಷ್ಟು, ತೇವದ್ದು ಎಷ್ಟು ಅಂತ ಕೇಳಬೇಕು. ಹಿಂಗಾಲು ಹೇಗಿಡುತ್ತದೆ ಅಂತ ನೋಡಬೇಕು. ಸಕ್ಕರೆ ಬಹಳ ದಿನ ಏರಿದ್ದರೆ ನರ ಸೋತು ಬೆಕ್ಕು ಹಿಂಗಾಲಿನ ಬೆರಳ ಮೇಲೆ ನಿಲ್ಲದೆ ಹಿಮ್ಮಡಿಯನ್ನೇ ನೆಲಕ್ಕೂರಿ ನಡೆಯುತ್ತದೆ. ಸೋಮ ಸೋಫಾ ಹತ್ತಲು ನೆಗೆದು ಎರಡು ಸಲ ಜಾರಿ ಬಿದ್ದಿದ್ದನ್ನು ನಾನು ವಯಸ್ಸಿನ ತಲೆಗೆ ಕಟ್ಟಿದ್ದೆ. ನಮ್ಮ ವೈದ್ಯರು ಅವನನ್ನು ಮೇಜಿನಿಂದ ನೆಲಕ್ಕಿಳಿಸಿ ನಾಲ್ಕು ಹೆಜ್ಜೆ ನಡೆಸಿದಾಗಲೇ ನನಗೆ ಗೊತ್ತಾಗಿದ್ದು.

ಎರಡನೆಯದು ಪರೀಕ್ಷೆ. ಬೆಕ್ಕು ಹೆದರಿದರೆ ರಕ್ತದ ಸಕ್ಕರೆ 300, ಕೆಲವೊಮ್ಮೆ ಅದಕ್ಕೂ ಮೇಲೆ ಹಾರುತ್ತದೆ. ಬುಟ್ಟಿಯಲ್ಲಿ ಕೂತು, ವಾಹನದಲ್ಲಿ ಕೂಗಿ, ನಾಯಿಯ ಸದ್ದು ಕೇಳಿ ಬಂದ ಬೆಕ್ಕಿನ ಒಂದೇ ಒಂದು ರೀಡಿಂಗ್ ಹಿಡಿದು ಸಕ್ಕರೆ ಕಾಯಿಲೆ ಅಂದುಬಿಡುವುದೂ, ಡೋಸ್ ಏರಿಸಿಬಿಡುವುದೂ ಸರಿಯಲ್ಲ. ಫ್ರಕ್ಟೋಸಮೀನ್ ಅನ್ನುವ ಪರೀಕ್ಷೆ ಹಿಂದಿನ ಒಂದೆರಡು ವಾರದ ಸರಾಸರಿ ಹೇಳುತ್ತದೆ. ಆ ಹೊತ್ತಿನ ಗಾಬರಿ ಅದರಲ್ಲಿ ಕಾಣುವುದಿಲ್ಲ. ಮೂತ್ರದಲ್ಲಿ ಸಕ್ಕರೆ, ಕೀಟೋನ್ (ಇನ್ಸುಲಿನ್ ಸಾಲದೆ ಮೈ ಕೊಬ್ಬನ್ನು ಕರಗಿಸಿದಾಗ ಹುಟ್ಟುವ ವಸ್ತು), ಸೋಂಕು ನೋಡಬೇಕು. ವಯಸ್ಸಾದ ಬೆಕ್ಕಾದ್ದರಿಂದ ಕಿಡ್ನಿ ಮತ್ತು ಥೈರಾಯ್ಡ್ ಕೂಡ. ಬಾಯಿ ತೆರೆದು ಹಲ್ಲು ನೋಡಬೇಕು, ಕೊಳೆತ ಹಲ್ಲಿನ ಸೋಂಕೇ ಇನ್ಸುಲಿನ್ ಹಿಡಿಯದ ಹಾಗೆ ಮಾಡುತ್ತದೆ.

ಮೂರನೆಯದು, ಮನೆಯಲ್ಲಿ ಬರೆದಿಟ್ಟ ರೀಡಿಂಗ್ ತೋರಿಸಿದಾಗ ಅವರ ಮುಖ. ಹಾಳೆ ಎಳೆದುಕೊಂಡು ಬೆರಳಿಟ್ಟು ಓದುವವರಾದರೆ ನೀವು ಸರಿಯಾದ ಕಡೆ ಇದ್ದೀರಿ. "ಅದೆಲ್ಲ ನಿಮಗ್ಯಾಕೆ, ಮೂರು ತಿಂಗಳು ಬಿಟ್ಟು ಬನ್ನಿ" ಅಂದರೆ ಬೇರೆಯವರನ್ನು ಹುಡುಕಿ. ಅವರು ತಜ್ಞರೇ ಆಗಬೇಕಿಲ್ಲ, ಕೇಳಿಸಿಕೊಳ್ಳುವ ಇನ್ನೊಬ್ಬ ಮಾಮೂಲಿ ವೈದ್ಯರಾದರೂ ಸಾಕು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಬೇಸತ್ತವರು ತಜ್ಞರೇ ದಾರಿ ಅಂತ ಹೊರಡುತ್ತಾರೆ. ಎಷ್ಟೋ ಸಲ ಬೇಕಿರುವುದು ವೈದ್ಯರ ಬದಲಾವಣೆ ಮಾತ್ರ.

"ತಜ್ಞರು" ಅಂದರೆ ಯಾರು? ಬೋರ್ಡಿನ ಮೇಲೆ ಬರೆದುಕೊಂಡವರೆಲ್ಲ ತಜ್ಞರೇ?

ಅಲ್ಲ. ಸಕ್ಕರೆ ಕಾಯಿಲೆಗೆ ನೀವು ಹುಡುಕಬೇಕಾದ್ದು ಸಾಕುಪ್ರಾಣಿಗಳ ಇಂಟರ್ನಲ್ ಮೆಡಿಸಿನ್, ಅಂದರೆ ಒಳ ಅಂಗಗಳ ಕಾಯಿಲೆಗಳ ಬಗ್ಗೆ ಓದಿದವರನ್ನು. ಪಶುವೈದ್ಯ ಪದವಿ, ಇಂಟರ್ನ್‌ಶಿಪ್, ಅದರ ಮೇಲೆ ಸುಮಾರು ಮೂರು ವರ್ಷ ರೆಸಿಡೆನ್ಸಿ, ಕೊನೆಗೆ ಕಠಿಣ ಪರೀಕ್ಷೆ. ಇಷ್ಟು ಮುಗಿಸಿದವರಿಗೆ ಡಿಪ್ಲೊಮೇಟ್ ಅನ್ನುತ್ತಾರೆ. ಅಮೆರಿಕನ್ ಕಾಲೇಜ್ ಆಫ್ ವೆಟರ್ನರಿ ಇಂಟರ್ನಲ್ ಮೆಡಿಸಿನ್ ಇಂಥ ಮಾನ್ಯತೆ ಕೊಡುವ ಸಂಸ್ಥೆ, ಯುರೋಪಿನಲ್ಲಿ ಅದಕ್ಕೆ ಸಮಾನವಾದ ಕಾಲೇಜ್ ಬೇರೆ ಇದೆ. ಪಶುವೈದ್ಯ ಕಾಲೇಜುಗಳ ಬೋಧನಾ ಆಸ್ಪತ್ರೆಗಳಲ್ಲೂ ಮೆಡಿಸಿನ್ ವಿಭಾಗದ ಪ್ರಾಧ್ಯಾಪಕರು ಇಂಥ ಕೇಸುಗಳನ್ನೇ ನೋಡುತ್ತಿರುತ್ತಾರೆ.

"ಬೆಕ್ಕುಗಳಿಗೆ ಮಾತ್ರ" ಅನ್ನುವ ಕ್ಲಿನಿಕ್ ಬೇರೆ ಮಾತು. ಅಲ್ಲಿರುವವರು ತಜ್ಞರಲ್ಲದೆ ಇರಬಹುದು, ಆದರೆ ವಾರಕ್ಕೆ ಹಲವು ಸಕ್ಕರೆ ಬೆಕ್ಕುಗಳನ್ನು ನೋಡಿ ಕೈ ಪಳಗಿರುತ್ತದೆ, ನಾಯಿಗಳ ಗದ್ದಲವೂ ಇರುವುದಿಲ್ಲ. ತೊಡಕಿಲ್ಲದ ಕೇಸಿಗೆ ನಾನು ಮೊದಲು ಕೈ ತೋರಿಸುವುದು ಇಂಥ ಜಾಗಕ್ಕೆ.

ಹಾಗಾದರೆ ತಜ್ಞರ ಬಳಿ ಹೋಗಲೇಬೇಕಾದ್ದು ಯಾವಾಗ?

ಒಂದೊಂದಾಗಿ ಹೇಳುತ್ತೇನೆ. ಎರಡು ಮೂರು ತಿಂಗಳು ಕ್ರಮವಾಗಿ ಇನ್ಸುಲಿನ್ ಕೊಟ್ಟರೂ ನೀರು ಕುಡಿಯುವುದು, ತೂಕ ಇಳಿಯುವುದು ನಿಂತಿಲ್ಲ ಅಂದರೆ. ಡೋಸ್ ಹೊತ್ತಿಗೆ ಐದು ಯುನಿಟ್ ದಾಟಿದರೂ, ಅಥವಾ ತೂಕದ ಪ್ರತಿ ಕಿಲೋಗೆ ಒಂದು ಒಂದೂವರೆ ಯುನಿಟ್ ಆದರೂ ಸಕ್ಕರೆ 300ರ ಮೇಲೇ ಕೂತಿದೆ ಅಂದರೆ. ಇದ್ದಕ್ಕಿದ್ದ ಹಾಗೆ ಒಂದು ದಿನ 400, ಮರುದಿನ 60, ಕಾರಣವೇ ತಿಳಿಯದೆ ಏರಿಳಿತ ಅಂದರೆ. ಜೊತೆಗೆ ಮೇದೋಜ್ಜೀರಕದ ಊತ, ಕಿಡ್ನಿ ತೊಂದರೆ, ಹೃದಯದ ತೊಂದರೆ ಇದ್ದು ಒಂದರ ಔಷಧಿ ಇನ್ನೊಂದಕ್ಕೆ ತಾಗುತ್ತಿದೆ ಅಂದರೆ. ಉಬ್ಬಸಕ್ಕೋ ಕರುಳಿನ ಉರಿಯೂತಕ್ಕೋ ಸ್ಟಿರಾಯ್ಡ್ ಬಿಡುವ ಹಾಗೇ ಇಲ್ಲ ಅಂದರೆ. ಚರ್ಮ ಕಾಗದದಷ್ಟು ತೆಳುವಾಗಿ, ಕತ್ತಿನ ಹಿಂದೆ ಹಿಡಿದರೇ ಹರಿಯುವ ಹಾಗಿದೆ ಅಂದರೆ. ಈ ಕೊನೆಯದು ಅಡ್ರಿನಲ್ ಗ್ರಂಥಿಯ ಅತಿಸ್ರಾವದ ಸೂಚನೆ, ಅಪರೂಪ, ಆದರೆ ತಡ ಮಾಡಬಾರದ್ದು. ಒಮ್ಮೆ ಕೀಟೋಆಸಿಡೋಸಿಸ್ (ಕೀಟೋನ್ ಏರಿ ಜೀವಕ್ಕೇ ಕುತ್ತಾಗುವ ಸ್ಥಿತಿ) ಆಗಿ ಆಸ್ಪತ್ರೆ ಸೇರಿ ಬಂದ ಬೆಕ್ಕನ್ನೂ ಒಂದು ಸಲ ತಜ್ಞರಿಗೆ ತೋರಿಸುವುದು ಒಳ್ಳೆಯದು.

ಹೊರಡುವ ಮುಂಚೆ ಮನೆಯಲ್ಲಿ ಏನಾದರೂ ನೋಡಿಕೊಳ್ಳಬೇಕಾ?

ನೋಡಲೇಬೇಕು. ನನಗೆ ಪರಿಚಯದ ಒಬ್ಬರು ಬೆಕ್ಕನ್ನು ಕಟ್ಟಿಕೊಂಡು ಅರ್ಧ ದಿನ ಪ್ರಯಾಣ ಮಾಡಿ ತಜ್ಞರ ಹತ್ತಿರ ಹೋದರು. ಆ ತಜ್ಞರು ಕೇಳಿದ ಮೊದಲ ಮಾತು, "ನೀವು ಬಳಸುವ ಸಿರಿಂಜ್ ತೋರಿಸಿ." ಇನ್ಸುಲಿನ್ ಸೀಸೆಯ ಮೇಲೆ ಯು-40 ಅಂತಿತ್ತು, ಸಿರಿಂಜಿನ ಮೇಲೆ ಯು-100. ಯು-40 ಅಂದರೆ ಒಂದು ಮಿಲಿಲೀಟರ್‌ನಲ್ಲಿ 40 ಯುನಿಟ್, ಯು-100ರಲ್ಲಿ 100. ಗೆರೆ ನೋಡಿ ಎರಡು ಯುನಿಟ್ ಎಳೆದರೂ ಬೆಕ್ಕಿನ ಮೈಗೆ ಹೋಗುತ್ತಿದ್ದದ್ದು 0.8 ಯುನಿಟ್. ತಿಂಗಳುಗಟ್ಟಲೆ ಅದು ಅರೆಹೊಟ್ಟೆ ಇನ್ಸುಲಿನ್‌ನಲ್ಲಿತ್ತು. ಇದು ತಿರುಗುಮುರುಗಾಗಿ, ಯು-100 ಇನ್ಸುಲಿನ್ ಯು-40 ಸಿರಿಂಜಿಗೆ ಬಿದ್ದರೆ ಎರಡೂವರೆ ಪಟ್ಟು ಡೋಸ್ ಹೋಗುತ್ತದೆ, ಜೀವಕ್ಕೇ ಸಂಚಕಾರ.

ಸೀಸೆಯನ್ನು ಫ್ರಿಜ್‌ನಲ್ಲಿ ಎಲ್ಲಿ ಇಡುತ್ತೀರಿ ನೋಡಿ. ಫ್ರೀಜರ್‌ಗೆ ತಾಗಿ ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಸರಿಯಿದ್ದರೂ ಕೆಲಸಕ್ಕೆ ಬಾರದು. ಗ್ಲಾರ್ಜಿನ್ ಅನ್ನುವ ಬಗೆಯ ಇನ್ಸುಲಿನ್ ಆದರೆ ನೀರಿನಷ್ಟು ತಿಳಿಯಾಗಿರಬೇಕು, ಕದಡಿದ್ದರೆ ಎಸೆಯಿರಿ, ಅದನ್ನು ಕುಲುಕಬಾರದು. ಪಿಝಡ್‌ಐ (ಪ್ರೋಟಮೀನ್ ಝಿಂಕ್ ಇನ್ಸುಲಿನ್) ಆದರೆ ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು. ಹಂದಿಯ ಮೂಲದ ಲೆಂಟೆ ಇನ್ಸುಲಿನ್ ಮಾತ್ರ ಒಂದೇ ಸಮ ಹಾಲಿನಂತಾಗುವವರೆಗೆ ಕುಲುಕಬೇಕಾದ್ದು. ಒಂದರ ರೂಢಿ ಇನ್ನೊಂದಕ್ಕೆ ನಡೆಯುವುದಿಲ್ಲ, ನಿಮ್ಮದು ಯಾವುದು ಅಂತ ಕೇಳಿ ತಿಳಿದುಕೊಳ್ಳಿ.

ಸಿರಿಂಜನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಅರ್ಧ ಯುನಿಟ್‌ನ ಗೆರೆ ಕೂದಲಷ್ಟು ತೆಳು. ಗುಳ್ಳೆಯೊಂದು ಕೂತರೆ ಕಾಲು ಭಾಗ ಡೋಸ್ ಅಲ್ಲಿಗೇ ಹೋಯಿತು. ಉದ್ದ ಕೂದಲ ಬೆಕ್ಕಿನಲ್ಲಿ ಸೂಜಿ ಚರ್ಮದ ಮಡಿಕೆಯ ಆಚೆ ಹೊರಬಂದು ಔಷಧಿ ಕೂದಲಿಗೆ ಹೋಗುವುದೂ ಉಂಟು. ಚುಚ್ಚಿದ ಜಾಗ ಒದ್ದೆ ಇದ್ದು ಇನ್ಸುಲಿನ್‌ನ ಆಸ್ಪತ್ರೆ ವಾಸನೆ ಬಂದರೆ ಅದೇ ಆಗಿದೆ. ಆಗ ಇನ್ನೊಂದು ಡೋಸ್ ಕೊಡಬೇಡಿ, ಎಷ್ಟು ಒಳಗೆ ಹೋಗಿದೆಯೋ ಗೊತ್ತಿರುವುದಿಲ್ಲ. ಒಂದು ಹೊತ್ತು ತಪ್ಪಿದರೆ ಬೆಕ್ಕಿಗೆ ಅಪಾಯವಿಲ್ಲ, ಎರಡು ಡೋಸ್ ಒಟ್ಟಿಗೆ ಹೋದರೆ ಇದೆ.

ಡೋಸ್ ಏರಿಸುತ್ತಲೇ ಇದ್ದಾರೆ, ಸಕ್ಕರೆ ಇಳಿಯುತ್ತಿಲ್ಲ. ತಪ್ಪು ನನ್ನದೇ ಇರಬಹುದಾ?

ಸೋಮನ ವಿಷಯದಲ್ಲಿ ನಾನೂ ಹೀಗೇ ನಂಬಿದ್ದೆ. ಮೊದಲ ಒಂಬತ್ತು ತಿಂಗಳು ಎರಡು ಯುನಿಟ್‌ನಲ್ಲಿ ಚೆನ್ನಾಗಿದ್ದ. ಆಮೇಲೆ ಮೂರು, ನಾಲ್ಕು, ಆರು, ಏಳು. ಒಂದು ಕ್ಲಿನಿಕ್‌ನಲ್ಲಿ ನೀವು ಸರಿಯಾಗಿ ಚುಚ್ಚುತ್ತಿಲ್ಲ ಅಂದರು. ಸಿರಿಂಜ್ ಬದಲಾಯಿಸಿದೆ, ಹೊಸ ಸೀಸೆ ತಂದೆ, ರಾತ್ರಿ ಕೂತು ನನ್ನ ಕೈಯನ್ನೇ ಅನುಮಾನಿಸಿದೆ. ವಿಚಿತ್ರ ಅಂದರೆ ಅವನು ಸೊರಗುತ್ತಿರಲಿಲ್ಲ, ದಪ್ಪಗಾಗುತ್ತಿದ್ದ. ಹತೋಟಿ ತಪ್ಪಿದ ಸಕ್ಕರೆಯಲ್ಲಿ ಬೆಕ್ಕು ಇಳಿಯಬೇಕು. ಏರುತ್ತಿದೆ ಅಂದರೆ ಅದೇ ಸುಳಿವು. ನನಗೆ ಅದು ಹೊಳೆಯಲಿಲ್ಲ, ಊಟ ಹೆಚ್ಚಾಯಿತೇನೋ ಅಂದುಕೊಂಡೆ.

ಕೊನೆಗೆ ಹೋದ ತಜ್ಞೆ ಅವನ ಮುಖವನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ತುಟಿ ಸರಿಸಿ ಕೋರೆಹಲ್ಲುಗಳ ನಡುವಿನ ಸಂದು ನೋಡಿದರು. "ಎರಡು ಮೂರು ವರ್ಷ ಹಿಂದಿನ ಫೋಟೋ ಇದೆಯಾ?" ಅಂತ ಕೇಳಿದರು. ಫೋನಿನಲ್ಲಿ ಹುಡುಕಿ ಕೊಟ್ಟೆ. ಎರಡನ್ನೂ ಪಕ್ಕದಲ್ಲಿಟ್ಟಾಗ ಎದೆ ಧಸಕ್ಕೆಂದಿತು. ಮುಖ ಅಗಲವಾಗಿತ್ತು, ಕೆಳದವಡೆ ಮುಂದೆ ಬಂದಿತ್ತು, ಪಾದಗಳು ಬೇರೆ ಬೆಕ್ಕಿನವು ಅನ್ನುವಷ್ಟು ದೊಡ್ಡವಾಗಿದ್ದವು. ದಿನಾ ನೋಡುವವರ ಕಣ್ಣಿಗೆ ಇಂಥದ್ದು ಬೀಳುವುದಿಲ್ಲ. ಅವನು ಈಚೆಗೆ ಗೊರಕೆ ಹೊಡೆಯುತ್ತಿದ್ದದ್ದೂ ಇದರದ್ದೇ ಭಾಗ.

ಕಾಯಿಲೆಯ ಹೆಸರು ಅಕ್ರೋಮೆಗಲಿ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಸಣ್ಣ ಗಡ್ಡೆ ಬೆಳೆದು ಬೆಳವಣಿಗೆಯ ಹಾರ್ಮೋನ್ ಸುರಿಯುತ್ತದೆ, ಆ ಹಾರ್ಮೋನ್ ಇನ್ಸುಲಿನ್ ಕೆಲಸ ಮಾಡದಂತೆ ತಡೆಯುತ್ತದೆ. ಇದು ಅಪರೂಪ ಅಂತ ಬಹಳ ಕಾಲ ನಂಬಿದ್ದರು. 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ಸಕ್ಕರೆ ಕಾಯಿಲೆಯ 1,221 ಬೆಕ್ಕುಗಳ ರಕ್ತ ಪರೀಕ್ಷಿಸಿದಾಗ ಸುಮಾರು ನಾಲ್ಕರಲ್ಲಿ ಒಂದಕ್ಕೆ ಇದರ ಲಕ್ಷಣವಾದ ಐಜಿಎಫ್-1 ಅನ್ನುವ ಹಾರ್ಮೋನ್ ಏರಿತ್ತು. ಮುಖ ಬದಲಾಗದೆಯೂ ಇದು ಇರಬಹುದು. ಐಜಿಎಫ್-1 ಒಂದು ರಕ್ತ ಪರೀಕ್ಷೆ, ಮಾಮೂಲಿ ವೈದ್ಯರೂ ಕಳಿಸಬಹುದು. ಇನ್ಸುಲಿನ್ ಶುರುವಾಗುವ ಮುಂಚೆ ಮಾಡಿದರೆ ಸುಳ್ಳು ಕಡಿಮೆ ತೋರಿಸುತ್ತದೆ, ಶುರುವಾಗಿ ಆರೆಂಟು ವಾರ ಆದ ಮೇಲಿನ ಫಲಿತಾಂಶ ನಂಬಬಹುದು. ಮುಂದಿನದಕ್ಕೆ ಮಾತ್ರ ತಜ್ಞರು ಬೇಕು: ಮೆದುಳಿನ ಸ್ಕ್ಯಾನ್, ರೇಡಿಯೇಷನ್, ಕೆಲವೇ ಕಡೆ ಮಾಡುವ ಪಿಟ್ಯುಟರಿ ಶಸ್ತ್ರಚಿಕಿತ್ಸೆ. ನಾವು ಶಸ್ತ್ರಚಿಕಿತ್ಸೆಗೆ ಹೋಗಲಿಲ್ಲ. ಹೆಚ್ಚಿನ ಇನ್ಸುಲಿನ್, ದಿನಾ ರೀಡಿಂಗ್, ಅಷ್ಟರಲ್ಲೇ ಅವನನ್ನು ನೆಮ್ಮದಿಯಾಗಿ ಇಟ್ಟೆವು. ಹಾರ್ಮೋನ್ ಏರಿಳಿದಾಗ ಸಕ್ಕರೆ ಕುಸಿಯುವ ಭಯ ಇದ್ದೇ ಇತ್ತು, ಅದಕ್ಕೇ ಒಂದು ದಿನವೂ ನೋಡದೆ ಚುಚ್ಚಲಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟು: ತಪ್ಪು ನಿಮ್ಮದೇ ಇರಬಹುದು, ಮೊದಲು ಅದನ್ನು ಪರೀಕ್ಷಿಸಿ. ಸರಿಯಿದೆ ಅಂತ ಗೊತ್ತಾದ ಮೇಲೂ ನಿಮ್ಮನ್ನೇ ದೂರುತ್ತಿದ್ದರೆ ಅಲ್ಲಿ ಕೂರಬೇಡಿ.

ರೆಫರ್ ಮಾಡಿ ಅಂತ ಕೇಳಿದರೆ ನಮ್ಮ ವೈದ್ಯರಿಗೆ ಬೇಜಾರಾಗುವುದಿಲ್ಲವೇ?

ಒಳ್ಳೆಯ ವೈದ್ಯರಿಗೆ ಆಗುವುದಿಲ್ಲ. "ಡಾಕ್ಟ್ರೇ, ತಜ್ಞರ ಅಭಿಪ್ರಾಯವನ್ನೂ ತೆಗೆದುಕೊಂಡರೆ ನಿಮಗೂ ಅನುಕೂಲ ಅಲ್ವಾ?" ಅಂತ ಕೇಳಿ. ಅವರನ್ನು ಬಿಟ್ಟು ಹೋಗುತ್ತಿಲ್ಲ, ಜೊತೆಗೆ ಇನ್ನೊಬ್ಬರನ್ನು ಕರೆಯುತ್ತಿದ್ದೀರಿ ಅನ್ನುವುದು ಅದರಲ್ಲೇ ಬಂತು. ಹೇಳದೆ ಕದ್ದು ಹೋಗುವುದು ಬೇಡ. ಹಳೆಯ ರಿಪೋರ್ಟ್‌ಗಳಿಲ್ಲದೆ ತಜ್ಞರು ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ, ಬೆಕ್ಕಿಗೆ ಮತ್ತೊಮ್ಮೆ ಸೂಜಿ.

ಹೊಸ ಮಾತ್ರೆ ಬಂದಿದೆಯಂತೆ, ಚುಚ್ಚುವುದೇ ಬೇಡವಂತೆ. ಅದಕ್ಕೆ ತಜ್ಞರೇ ಬೇಕಾ?

ಅಮೆರಿಕದ ಎಫ್‌ಡಿಎ 2022ರ ಡಿಸೆಂಬರ್‌ನಲ್ಲಿ ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆಗೂ 2023ರ ಆಗಸ್ಟ್‌ನಲ್ಲಿ ವೆಲಾಗ್ಲಿಫ್ಲೋಜಿನ್ ಅನ್ನುವ ದ್ರವ ಔಷಧಿಗೂ ಒಪ್ಪಿಗೆ ಕೊಟ್ಟಿತು. ಎರಡೂ ದಿನಕ್ಕೊಮ್ಮೆ ಬಾಯಿಗೆ ಕೊಡುವಂಥವು, ಹೆಚ್ಚಿನ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಸೂಜಿಗೆ ಹೆದರಿ ಚಿಕಿತ್ಸೆಯೇ ಬೇಡ ಅನ್ನುತ್ತಿದ್ದ ಮನೆಗಳಿಗೆ ಇದು ದೊಡ್ಡ ವರ.

ಆದರೆ ಎಲ್ಲ ಬೆಕ್ಕಿಗೂ ಆಗುವುದಿಲ್ಲ. ಮೊದಲೇ ಇನ್ಸುಲಿನ್ ಪಡೆದ ಬೆಕ್ಕಿಗೆ ಕೊಡಬಾರದು ಅಂತ ಅಲ್ಲಿನ ಲೇಬಲ್ ಹೇಳುತ್ತದೆ. ಮೈಯಲ್ಲಿ ಸ್ವಂತ ಇನ್ಸುಲಿನ್ ಸ್ವಲ್ಪವಾದರೂ ಇರಬೇಕು, ಇಲ್ಲದಿದ್ದರೆ ಕೀಟೋಆಸಿಡೋಸಿಸ್. ಇದರಲ್ಲಿ ಮೋಸ ಮಾಡುವ ಸಂಗತಿ ಒಂದಿದೆ: ರಕ್ತದ ಸಕ್ಕರೆ ಹೆಚ್ಚೇನೂ ಇಲ್ಲದೆಯೂ ಕೀಟೋನ್ ಏರಿ ಬೆಕ್ಕು ಸಾಯುವ ಸ್ಥಿತಿಗೆ ಬರಬಹುದು. ಮೀಟರ್ ನೋಡಿ ನೆಮ್ಮದಿಯಾಗಿದ್ದರೆ ಕೆಟ್ಟೆವು. ಮೊದಲ ಎರಡು ವಾರ ಕೀಟೋನ್ ಪರೀಕ್ಷೆ ಬಿಡದೆ ಮಾಡಬೇಕು, ಊಟ ಬಿಟ್ಟ ದಿನವೇ ಔಷಧಿ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಶುರು ಮಾಡುವ ಮುಂಚೆ ಕಿಡ್ನಿ, ಲಿವರ್, ಮೇದೋಜ್ಜೀರಕ ಪರೀಕ್ಷೆ ಮಾಡಿಸುವ, ಇದನ್ನೆಲ್ಲ ನಿಮಗೆ ಬಿಡಿಸಿ ಹೇಳುವ ಮಾಮೂಲಿ ವೈದ್ಯರಿದ್ದರೆ ಅವರೇ ಸಾಕು. ಏನೂ ಪರೀಕ್ಷೆ ಇಲ್ಲದೆ ಚೀಟಿ ಬರೆದುಕೊಟ್ಟರೆ ತೆಗೆದುಕೊಳ್ಳಬೇಡಿ.

ರಾತ್ರಿ ಏನಾದರೂ ಆದರೆ ಯಾರ ಹತ್ತಿರ ಓಡಬೇಕು?

ಯಾರು ತೆರೆದಿದ್ದಾರೋ ಅವರ ಹತ್ತಿರ. ಆ ಹೊತ್ತಿಗೆ ತಜ್ಞರೋ ಅಲ್ಲವೋ ಅನ್ನುವುದು ಮುಖ್ಯವಲ್ಲ. 24 ಗಂಟೆ ಸಿಬ್ಬಂದಿ ಇರುವುದು ಮುಖ್ಯ. ಎರಡು ಸಂದರ್ಭ ಗುರುತಿಟ್ಟುಕೊಳ್ಳಿ.

ಸಕ್ಕರೆ ಕುಸಿದರೆ ಬೆಕ್ಕು ತೂರಾಡುತ್ತದೆ, ಮಂಕಾಗಿ ಮೂಲೆ ಸೇರುತ್ತದೆ, ನಡುಗುತ್ತದೆ, ಫಿಟ್ಸ್ ಬರುತ್ತದೆ. ರೀಡಿಂಗ್ 60ಕ್ಕಿಂತ ಕೆಳಗಿದ್ದರೆ, ಅಥವಾ ಮೀಟರ್ ಕೈಗೆ ಸಿಗದೆ ಲಕ್ಷಣ ಮಾತ್ರ ಕಂಡರೂ, ಕಾಯಬೇಡಿ. ತಿನ್ನುವ ಸ್ಥಿತಿಯಲ್ಲಿದ್ದರೆ ತಿನ್ನಿಸಿ. ಇಲ್ಲವಾದರೆ ಜೇನುತುಪ್ಪವನ್ನೋ ಸಕ್ಕರೆ ಪಾಕವನ್ನೋ ಬೆರಳಿಗೆ ಹಚ್ಚಿಕೊಂಡು ಒಸಡಿಗೆ ಉಜ್ಜಿ, ಎಚ್ಚರ ತಪ್ಪಿದ ಬೆಕ್ಕಿನ ಬಾಯಿಗೆ ಸುರಿಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ಉಜ್ಜುತ್ತಲೇ ಆಸ್ಪತ್ರೆಗೆ ಹೊರಡಿ.

ಇನ್ನೊಂದು ಕೀಟೋಆಸಿಡೋಸಿಸ್. ಊಟ ಬಿಟ್ಟಿದೆ, ವಾಂತಿ, ಎದ್ದು ನಿಲ್ಲಲಾರದಷ್ಟು ಸುಸ್ತು, ಉಸಿರಿನಲ್ಲಿ ನೇಲ್ ಪಾಲಿಶ್ ತೆಗೆಯುವ ದ್ರವದಂಥ ವಾಸನೆ. ಇದಕ್ಕೆ ಡ್ರಿಪ್, ಇನ್ಸುಲಿನ್, ಪೊಟ್ಯಾಷಿಯಂ, ಗಂಟೆಗಂಟೆಗೆ ರಕ್ತ ಪರೀಕ್ಷೆ ಬೇಕು. ಸಂಜೆ ಬೀಗ ಹಾಕಿ ಹೋಗುವ ಕ್ಲಿನಿಕ್‌ನಲ್ಲಿ ಡ್ರಿಪ್ ಹಾಕಿಸಿ ರಾತ್ರಿ ಒಂಟಿಯಾಗಿ ಬಿಡಬೇಡಿ. ಕಾಯಿಲೆ ಗೊತ್ತಾದ ವಾರವೇ ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು, ಎಷ್ಟು ದೂರ ಅಂತ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ.

ಮನೆಯಲ್ಲೇ ರಕ್ತ ಪರೀಕ್ಷೆ ಮಾಡುವುದನ್ನು ತಜ್ಞರೇ ಕಲಿಸಬೇಕಾ?

ಇಲ್ಲ, ಎಷ್ಟೋ ಕಡೆ ಕ್ಲಿನಿಕ್‌ನ ನರ್ಸ್ ಅಥವಾ ಕಾಂಪೌಂಡರ್ ವೈದ್ಯರಿಗಿಂತ ಚೆನ್ನಾಗಿ ಕಲಿಸುತ್ತಾರೆ. ಕಿವಿಯ ಅಂಚಿನಲ್ಲಿ ಓಡುವ ಸಣ್ಣ ರಕ್ತನಾಳದ ಪಕ್ಕ ಚುಚ್ಚುವುದು. ಮುಂಚೆ ಬೆಚ್ಚನೆಯ ಬಟ್ಟೆ ಒತ್ತಿ ಹಿಡಿದರೆ ಹನಿ ಸುಲಭವಾಗಿ ಬರುತ್ತದೆ. ಕಿವಿಯ ಹಿಂದೆ ಮಡಿಸಿದ ಹತ್ತಿ ಇಟ್ಟುಕೊಳ್ಳಿ, ನಿಮ್ಮ ಬೆರಳಿಗೆ ಚುಚ್ಚುವುದಿಲ್ಲ. ಮೊದಲ ವಾರ ನನ್ನ ಕೈ ನಡುಗುತ್ತಿತ್ತು, ಎರಡು ಮೂರು ಸ್ಟ್ರಿಪ್ ಹಾಳಾಗುತ್ತಿದ್ದವು. ಮೂರನೇ ವಾರಕ್ಕೆ ಸೋಮ ಮೀಟರ್ ಡಬ್ಬಿ ತೆರೆಯುವ ಸದ್ದಿಗೇ ಬಂದು ತೊಡೆ ಹತ್ತುತ್ತಿದ್ದ, ಚುಚ್ಚಿದ ಮೇಲೆ ಒಂದು ಚೂರು ಬೇಯಿಸಿದ ಕೋಳಿ ಸಿಗುತ್ತದೆ ಅಂತ ಗೊತ್ತಿತ್ತು.

ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ನಿಜಕ್ಕಿಂತ ಕಡಿಮೆ ತೋರಿಸುವುದು ಸಾಮಾನ್ಯ. ಯಾವ ಮೀಟರ್ ಬಳಸುತ್ತೀರಿ ಅಂತ ವೈದ್ಯರಿಗೆ ಹೇಳಿ, ಮಧ್ಯೆ ಬದಲಾಯಿಸಬೇಡಿ. 14 ದಿನ ಚರ್ಮಕ್ಕೆ ಅಂಟಿಕೊಂಡಿರುವ ಫ್ರೀಸ್ಟೈಲ್ ಲಿಬ್ರೆಯಂಥ ಸೆನ್ಸರ್‌ಗಳನ್ನೂ ಬೆಕ್ಕುಗಳಿಗೆ ಹಾಕುತ್ತಾರೆ, ಆದರೆ ಅಷ್ಟು ದಿನ ಉಳಿಯದೆ ಕಿತ್ತುಬರುವುದೇ ಹೆಚ್ಚು. ತಜ್ಞರ ಭೇಟಿಗೆ ಮುಂಚಿನ ವಾರ ಒಂದು ಸೆನ್ಸರ್ ಹಾಕಿಸಿಕೊಂಡು ಹೋದರೆ ಅವರ ಕೈಗೆ ಹಗಲು ರಾತ್ರಿಯ ಪೂರ್ತಿ ಚಿತ್ರ ಸಿಗುತ್ತದೆ. ಕ್ಲಿನಿಕ್‌ನ ಪಂಜರದಲ್ಲಿ ಒಂದು ದಿನ ಕೂರಿಸಿ ಎರಡು ಗಂಟೆಗೊಮ್ಮೆ ಚುಚ್ಚಿ ಮಾಡುವ ಕರ್ವ್‌ಗಿಂತ (ಸಕ್ಕರೆಯ ಏರಿಳಿತದ ನಕ್ಷೆ) ಅದು ನಂಬಿಕೆಗೆ ಅರ್ಹ.

ನಮ್ಮ ಕಡೆ ತಜ್ಞರೇ ಇಲ್ಲ. ಏನು ಮಾಡುವುದು?

ನಿಮ್ಮ ವೈದ್ಯರೇ ತಜ್ಞರ ಜೊತೆ ಫೋನಿನಲ್ಲೋ ವಿಡಿಯೊದಲ್ಲೋ ಮಾತಾಡಬಹುದು. ಬಹಳ ತಜ್ಞರು, ರಕ್ತ ಪರೀಕ್ಷೆಯ ಲ್ಯಾಬ್‌ಗಳು ಕೂಡ, ವೈದ್ಯರಿಂದ ವೈದ್ಯರಿಗೆ ಇಂಥ ಸಲಹೆ ಕೊಡುತ್ತಾರೆ. ಬೆಕ್ಕು ಮನೆ ಬಿಟ್ಟು ಕದಲಬೇಕಿಲ್ಲ. ಅಮೆರಿಕದ ಪಶು ಆಸ್ಪತ್ರೆಗಳ ಸಂಘ ಎಎಎಚ್‌ಎ 2018ರಲ್ಲಿ ನಾಯಿ ಬೆಕ್ಕುಗಳ ಸಕ್ಕರೆ ಕಾಯಿಲೆಗೆ ಮಾರ್ಗಸೂಚಿ ಪ್ರಕಟಿಸಿ 2022ರಲ್ಲಿ ಪರಿಷ್ಕರಿಸಿದೆ. ಅದನ್ನು ಎದುರಿಗಿಟ್ಟುಕೊಂಡು ಹೆಜ್ಜೆ ಇಡುವ ಮಾಮೂಲಿ ವೈದ್ಯರ ಕೈಯಲ್ಲಿ ಬೆಕ್ಕುಗಳು ಚೆನ್ನಾಗಿಯೇ ಬದುಕುತ್ತವೆ.

ಹಣ ಎಲ್ಲದಕ್ಕೂ ಸಾಲದು. ಯಾವುದಕ್ಕೆ ಮೊದಲು ಹಾಕಲಿ?

ಇನ್ಸುಲಿನ್, ಸರಿಯಾದ ಸಿರಿಂಜ್, ಮೀಟರ್ ಮತ್ತು ಸ್ಟ್ರಿಪ್, ತೇವದ ಆಹಾರ. ಇವು ಮೊದಲು. ಆಮೇಲೆ ಮೂತ್ರ ಮತ್ತು ರಕ್ತದ ಮೂಲ ಪರೀಕ್ಷೆ. ಇವನ್ನೆಲ್ಲ ಕಡಿತ ಮಾಡಿ ಉಳಿಸಿದ ದುಡ್ಡಲ್ಲಿ ತಜ್ಞರ ಬಳಿ ಹೋಗುವುದು ನನಗೆ ಸರಿ ಕಾಣುವುದಿಲ್ಲ, ಯಾಕೆಂದರೆ ಅವರು ಕೇಳುವುದೂ ಇದೇ ಲೆಕ್ಕವನ್ನು. ತಜ್ಞರಿಗೆ ಫೋನ್ ಮಾಡಿ, ಒಂದೇ ಭೇಟಿ ಮಾಡಬಲ್ಲೆ, ಮುಂದಿನದನ್ನು ನಮ್ಮ ವೈದ್ಯರು ನೋಡಿಕೊಳ್ಳುತ್ತಾರೆ ಅಂತ ಮುಂಚೆಯೇ ನೇರವಾಗಿ ಹೇಳಿ. ಅದಕ್ಕೆ ತಕ್ಕಂತೆ ಯಾವ ಪರೀಕ್ಷೆ ಬೇಕೇಬೇಕು, ಯಾವುದು ಬಿಡಬಹುದು ಅಂತ ಅವರು ಆರಿಸುತ್ತಾರೆ. ಹೇಳಲು ಸಂಕೋಚ ಬೇಡ.

ಇಬ್ಬರೂ ಬೇರೆ ಬೇರೆ ಹೇಳಿದರೆ ಯಾರ ಮಾತು ಕೇಳಲಿ?

ಇಬ್ಬರನ್ನೂ ಒಬ್ಬರಿಗೊಬ್ಬರು ಮಾತಾಡಿಸಿ. ನೀವು ನಡುವೆ ಸುದ್ದಿ ಸಾಗಿಸುವವರಾದರೆ ಅರ್ಧ ಮಾತು ದಾರಿಯಲ್ಲೇ ಉದುರುತ್ತದೆ. ಡೋಸ್ ವಿಷಯದಲ್ಲಿ ಮಾತ್ರ ಒಂದೇ ಕೈ ಇರಬೇಕು: ಯಾರು ಹೇಳಿದರೆ ಬದಲಾಯಿಸಬೇಕು ಅನ್ನುವುದನ್ನು ಇಬ್ಬರ ಎದುರೂ ಖಚಿತ ಮಾಡಿಕೊಳ್ಳಿ. ಸೋಮನ ವಿಷಯದಲ್ಲಿ ತಜ್ಞೆ ಮೂರು ತಿಂಗಳಿಗೊಮ್ಮೆ ಗುರಿ ಹೇಳುತ್ತಿದ್ದರು, ವಾರ ವಾರದ ಅರ್ಧ ಯುನಿಟ್‌ನ ಏರಿಳಿತ ನಮ್ಮ ವೈದ್ಯರದ್ದು.

ಸಕ್ಕರೆ ತಾನೇ ಇಳಿದು ಇನ್ಸುಲಿನ್ ಬೇಡವಾಗುತ್ತಿದೆ. ಈಗ ತಜ್ಞರಿಗೆ ತೋರಿಸಬೇಕಾ?

ಬೇಡ, ಆದರೆ ನಿಮ್ಮ ವೈದ್ಯರಿಗೆ ಅವತ್ತೇ ಫೋನ್ ಮಾಡಿ. ಬೆಕ್ಕುಗಳಲ್ಲಿ ಇದು ನಿಜಕ್ಕೂ ಆಗುತ್ತದೆ, ಮೊದಲ ಆರು ತಿಂಗಳಲ್ಲಿ ಹೆಚ್ಚು. ಹಳೆಯ ಡೋಸ್ ಮುಂದುವರಿದರೆ ಸಕ್ಕರೆ ಕುಸಿಯುವುದು ಇಂಥ ವಾರಗಳಲ್ಲೇ. ಇನ್ಸುಲಿನ್ ನಿಂತ ಮೇಲೂ ಅದೇ ಆಹಾರ ಇರಲಿ, ವಾರಕ್ಕೊಮ್ಮೆ ರೀಡಿಂಗ್ ಇರಲಿ, ಸ್ಟಿರಾಯ್ಡ್ ಬೇಡ. ಕಾಯಿಲೆ ಮರಳುವುದೂ ಉಂಟು.

ತಜ್ಞರ ಮೊದಲ ಭೇಟಿಗೆ ಏನೇನು ಒಯ್ಯಬೇಕು?

ಬಳಸುತ್ತಿರುವ ಇನ್ಸುಲಿನ್ ಸೀಸೆ, ತಣ್ಣಗಿರುವ ಚೀಲದಲ್ಲಿ. ಅದೇ ಸಿರಿಂಜ್ ಒಂದು, ಅದೇ ಮೀಟರ್. ಅವರೆದುರು ನೀವೇ ಡೋಸ್ ಎಳೆದು ತೋರಿಸಿ. ದಿನಾಂಕ, ಹೊತ್ತು, ರೀಡಿಂಗ್, ಡೋಸ್, ಎಷ್ಟು ತಿಂದಿತು ಅಂತ ಬರೆದಿಟ್ಟ ಪುಸ್ತಕ. ಆಹಾರದ ಡಬ್ಬಿಯ ಲೇಬಲ್. ಹಳೆಯ ರಿಪೋರ್ಟ್‌ಗಳೆಲ್ಲ, ಹಿಂದೆ ಕೊಟ್ಟ ಸ್ಟಿರಾಯ್ಡ್ ಚೀಟಿಯೂ ಸೇರಿ. ಬೆಕ್ಕು ಮನೆಯಲ್ಲಿ ನಡೆಯುವ, ನೆಗೆಯುವ ಒಂದು ನಿಮಿಷದ ವಿಡಿಯೊ. ಅಲ್ಲಿ ಅದು ಬುಟ್ಟಿಯಿಂದ ಹೊರಗೇ ಬರದೆ ಇರಬಹುದು. ಆ ದಿನ ಇನ್ಸುಲಿನ್ ಕೊಟ್ಟು ಬರಬೇಕೋ, ಖಾಲಿ ಹೊಟ್ಟೆಯಲ್ಲೋ ಅಂತ ಮುಂಚಿನ ದಿನ ಫೋನ್ ಮಾಡಿ ಕೇಳಿ. ಮತ್ತೆ ಕಾಯಿಲೆ ಬರುವ ಮುಂಚಿನ ಎರಡು ಫೋಟೋ: ಒಂದರಲ್ಲಿ ಮುಖ ಎದುರಿನಿಂದ, ಇನ್ನೊಂದರಲ್ಲಿ ಪಕ್ಕದಿಂದ, ಪಾದಗಳು ಕಾಣುವ ಹಾಗೆ.